ಕಾಟಮ್ಮನ ನಾನೂರು ಷೇರು

ಮಾರುತೇಶ್ ತನ್ನ ಮೊಬೈಲನ್ನು ನೀರಿನ ಲೋಟಕ್ಕೆ ಒರಗಿಸಿ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದಾಗ ಕಾಟಮ್ಮ ಮೂರನೆಯ ತಟ್ಟೆಗೆ ಸಾರು ಬಡಿಸುತ್ತಿದ್ದಳು. ಪರದೆಯ ಮೇಲೆ ಬನಿಯನ್ನು ತೊಟ್ಟ ಒಬ್ಬ ಮನುಷ್ಯ ತಾಳೆ ಮರವೊಂದರ ಬುಡಕ್ಕೆ ಕೊಡಲಿ ಹಾಕುತ್ತಿದ್ದ. ಹಿಂದಿನಿಂದ ಯಾರೋ ತೆಲುಗಿನಲ್ಲಿ ಗಡಿಬಿಡಿಯಾಗಿ ಏನೋ ಹೇಳುತ್ತಿದ್ದರು. ಮರ ಒಂದು ಕಡೆಗೆ ವಾಲಿ, ಗರಿಗಳನ್ನೆಲ್ಲ ಹರಡಿಕೊಂಡು ನೆಲಕ್ಕೆ ಬಿತ್ತು. ಸೌಟಿನಲ್ಲಿದ್ದ ಸಾರು ತಟ್ಟೆಗೆ ಬೀಳದೆ ಮೇಜಿನ ಮೇಲಿದ್ದ ಪೇಪರಿನ ಮೇಲೆ ಬಿತ್ತು.

"ನೋಡಿದ್ರಾ? ಮರಕ್ಕೆ ರೋಗ ಬಿದ್ದೈತೆ. ರೈತ್ರೇ ಕಡಿದು ಹಾಕ್ತಾ ಅವ್ರೆ," ಎಂದ ಮಾರುತೇಶ್. "ಬನಸಿರಿ ಎಣ್ಣೆ ಕಂಪನಿ ಕತೆ ಮುಗೀತು. ನಾನು ಬೆಳಿಗ್ಗೆ ಮಾರ್ಕೆಟ್ ತೆಗೆದ ತಕ್ಷಣ ಷೇರೆಲ್ಲಾ ಮಾರ್ದೆ."

ಕಾಟಮ್ಮ ಸೆರಗಿನಿಂದಲೇ ಪೇಪರನ್ನು ಒರೆಸಿದಳು. ಸಾರು ಚೆಲ್ಲಿದ್ದನ್ನು ಕಂಡವನು ಕಿರಣ್‌ಕುಮಾರ್ ಒಬ್ಬನೇ. ಯಾಕೆ ಚೆಲ್ಲಿತೆಂದು ಗೊತ್ತಿದ್ದವನೂ ಅವನೊಬ್ಬನೇ.

ಅದು ಹಿರಿಯೂರಿನ ಕೊಬ್ಬರಿ ಮಂಡಿಯೊಂದರ ಮೇಲಿನ ಕೋಣೆ. ಕಿರಣ್‌ಕುಮಾರ್ ಅಲ್ಲಿ ಷೇರು ಕೊಳ್ಳುವ ಮಾರುವ ಆಫೀಸು ಇಟ್ಟಿದ್ದ. ಗೋಡೆಗೆ ದೊಡ್ಡದೊಂದು ಪರದೆ, ಆರು ಪ್ಲಾಸ್ಟಿಕ್ ಕುರ್ಚಿ, ಕೆಳಗಿನಿಂದ ಸದಾ ಮೆಟ್ಟಿಲು ಹತ್ತಿ ಬರುವ ಒಣಕೊಬ್ಬರಿಯ ವಾಸನೆ. ಬಂದು ಹೋಗುವವರು ಹತ್ತಾರು ಮಂದಿಯಾದರೂ ಬೆಳಿಗ್ಗೆ ಬಂದು ಸಂಜೆಯವರೆಗೂ ಕೂರುವವರು ಇಬ್ಬರು. ಒಬ್ಬರು ದೊಡ್ಡತಿಮ್ಮಪ್ಪ, ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಈಗಲೂ ಪೆನ್ನನ್ನು ಕಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತಿದ್ದರು. ಇನ್ನೊಬ್ಬ ಕೆಳಗಿನ ಮಂಡಿಯ ಮಾರುತೇಶ್, ನಲವತ್ತು ದಾಟಿದವನು. ಕೊಬ್ಬರಿ ವ್ಯಾಪಾರವನ್ನು ತಮ್ಮನಿಗೆ ಬಿಟ್ಟು ಅವನು ಮೇಲೇ ಇರುತ್ತಿದ್ದ. ಕಾಟಮ್ಮ ಕಾಲೇಜಿನ ಹತ್ತಿರ ಎರಡು ಕೋಣೆಯ ಮನೆಯಲ್ಲಿ ಸಣ್ಣ ಮೆಸ್ಸು ನಡೆಸುತ್ತಿದ್ದಳು. ಮಧ್ಯಾಹ್ನದ ಮುದ್ದೆ, ಸಾರು, ಮಜ್ಜಿಗೆಯನ್ನು ಕ್ಯಾರಿಯರಿನಲ್ಲಿ ತಂದು ಈ ಮೂವರಿಗೂ ಬಡಿಸಿ, ಖಾಲಿ ಪಾತ್ರೆ ತೆಗೆದುಕೊಂಡು ಹೋಗುವುದು ಅವಳ ಕೆಲಸ.

ಅವತ್ತು ಮುದ್ದೆ ತಣ್ಣಗಾಗುವವರೆಗೂ ವಾದ ನಡೆಯಿತು. ದೊಡ್ಡತಿಮ್ಮಪ್ಪ ಆ ವಿಡಿಯೋವನ್ನು ನಂಬಲಿಲ್ಲ. ಬೊಂಬಾಯಿಯ ದೊಡ್ಡ ಎಣ್ಣೆ ಕಂಪನಿಯೊಂದು ಬನಸಿರಿ ಪಾಮ್ ಆಯಿಲ್ಸನ್ನು ಪೂರ್ತಿಯಾಗಿ ಕೊಳ್ಳಲಿದೆಯೆಂದೂ, ಅದಕ್ಕೆ ಮುಂಚೆ ಸಣ್ಣ ಜನ ಹೆದರಿ ಷೇರು ಬಿಟ್ಟುಬಿಡಲಿ ಎಂದು ಅವರೇ ಇಂಥ ವಿಡಿಯೋ ಹರಿಬಿಟ್ಟಿದ್ದಾರೆಂದೂ ಹೇಳಿದರು. ಯಾರು ಹೇಳಿದರು ಎಂದು ಮಾರುತೇಶ್ ಕೇಳಿದ. ಬೆಂಗಳೂರಿನ ವಾಟ್ಸಾಪ್ ಗ್ರೂಪಿನಲ್ಲಿ ಬಂದಿದೆ ಎಂದರು. ಅದೇ ಗ್ರೂಪಿನಲ್ಲಿ ಹೊಳಲ್ಕೆರೆ ಕಡೆಯ ಬನಸಿರಿ ಗಿರಣಿಗೆ ಬೀಗ ಬಿದ್ದಿದೆ ಎಂದೂ ಬಂದಿದೆಯಲ್ಲ ಎಂದು ಅವನು ತನ್ನ ಮೊಬೈಲು ತೋರಿಸಿದ. ಒಂದೇ ಗ್ರೂಪಿನ ಎರಡು ಸುದ್ದಿಗಳಲ್ಲಿ ತಮ್ಮದು ನಿಜ, ಇನ್ನೊಬ್ಬರದು ಸುಳ್ಳು ಎಂದು ಇಬ್ಬರೂ ಅರ್ಧ ಗಂಟೆ ವಾದಿಸಿದರು. ಕಿರಣ್‌ಕುಮಾರ್ ಯಾವತ್ತೂ ಹೇಳುವುದನ್ನೇ ಹೇಳಿದ. ಕಂಪನಿ ಏನೂ ಹೇಳಿಲ್ಲ, ನಿಮ್ಮ ದುಡ್ಡು, ನೀವೇ ಯೋಚನೆ ಮಾಡಿ.

ಪರದೆಯ ಮೇಲೆ ಬನಸಿರಿಯ ಹೆಸರಿನ ಮುಂದೆ ಕೆಂಪು ಅಕ್ಷರದಲ್ಲಿ ನೂರ ಎಪ್ಪತ್ತೊಂದು ಎಂದಿತ್ತು. ಕಾಟಮ್ಮ ಅದನ್ನು ಇನ್ನೂರ ಹನ್ನೆರಡಕ್ಕೆ ಕೊಂಡಿದ್ದಳು.

ಷೇರಿನ ವಿಷಯ ಅವಳ ಕಿವಿಗೆ ಬಿದ್ದದ್ದು ಹೀಗೆ ಬಡಿಸುತ್ತಲೇ. ಎರಡು ವರ್ಷ ಅವಳು ಏನೂ ಕೇಳದವಳಂತೆ ಕೇಳಿಸಿಕೊಂಡಿದ್ದಳು. ಯಾವ ಸಿಮೆಂಟು ಏರಿತು, ಯಾವ ಬ್ಯಾಂಕು ಇಳಿಯಿತು, ಯಾರು ಆತುರಪಟ್ಟು ಕೈ ಸುಟ್ಟುಕೊಂಡರು ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಬಿ.ಕಾಂ. ಓದುತ್ತಿದ್ದ ಮಗಳು ಮೀನಾಕ್ಷಿಯನ್ನು ರಾತ್ರಿ ಪಾತ್ರೆ ತಿಕ್ಕುವಾಗ ಕೇಳಿ ಅರ್ಥವಾಗದ್ದನ್ನು ತಿಳಿದುಕೊಳ್ಳುತ್ತಿದ್ದಳು. ಮದುವೆಯಲ್ಲಿ ಅವ್ವ ಬಳುವಳಿಯಾಗಿ ಕೊಟ್ಟ ಎರಡು ಕುರಿಗಳು ಗಂಡ ಚಿತ್ತಯ್ಯನ ಮಂದೆಯಲ್ಲಿ ಬೆಳೆದು, ಈದು, ಮಾರಿ, ಉಳಿದು ಕೊನೆಗೆ ಹದಿನೈದಾಗಿದ್ದವು. ಅವು ಅವಳವೇ. ಮಂದೆಯಲ್ಲಿ ಯಾರೂ ಅವನ್ನು ಕೇಳುವಂತಿರಲಿಲ್ಲ. ಹೋದ ದೀಪಾವಳಿಗೆ ಮುಂಚೆ ಹದಿನೈದನ್ನೂ ಸಂತೆಯಲ್ಲಿ ಮಾರಿದಳು. ಒಂದು ಭಾಗ ಮೀನಾಕ್ಷಿಯ ಹೆಸರಿಗೆ ಬ್ಯಾಂಕಿಗೆ ಹೋಯಿತು. ಉಳಿದದ್ದರಲ್ಲಿ ಬನಸಿರಿಯ ನಾನೂರು ಷೇರು ಬಂದವು.

ಬನಸಿರಿಯೇ ಯಾಕೆ ಎಂದು ಕಿರಣ್‌ಕುಮಾರ್ ಆಗ ಕೇಳಿದ್ದ. ಹೆದ್ದಾರಿಯ ಬಜ್ಜಿ ಅಂಗಡಿಯಿಂದ ಹಿಡಿದು ತನ್ನ ಮೆಸ್ಸಿನವರೆಗೆ ಎಲ್ಲರೂ ಸುರಿಯುವುದು ಇದೇ ಎಣ್ಣೆಯೆಂದೂ, ರೇಟು ಏರಿದರೂ ಯಾರೂ ಬಿಟ್ಟಿದ್ದನ್ನು ತಾನು ಕಂಡಿಲ್ಲವೆಂದೂ ಅವಳು ಹೇಳಿದಳು. ಚಿತ್ತಯ್ಯ ಪ್ರತಿ ಬೇಸಿಗೆಯಲ್ಲೂ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸುವ ಹೊಳಲ್ಕೆರೆ ಕಡೆಯ ತೋಟದವರು ಬನಸಿರಿಗೇ ಹಣ್ಣು ಹಾಕುವವರು, ಅವರು ಮನೆಯ ಮೇಲೆ ಮಹಡಿ ಎತ್ತಿದ್ದಾರೆ ಎಂದೂ ಸೇರಿಸಿದಳು. ಒಂದು ವಾರ ಯೋಚನೆ ಮಾಡಿಕೊಂಡು ಬನ್ನಿ ಎಂದು ಅವನು ಕಳಿಸಿದ. ವಾರ ಕಳೆದು ಅದೇ ಮಾತು ಹೇಳಿಕೊಂಡು ಬಂದಳು.

ಚಿತ್ತಯ್ಯನಿಗೆ ಮಾತ್ರ ಅವಳು ಹೇಳಿರಲಿಲ್ಲ. ಅವನ ಅಣ್ಣ ಹಿಂದೊಮ್ಮೆ ಚೀಟಿ ಕಂಪನಿಯೊಂದರಲ್ಲಿ ಹಣ ಹಾಕಿದ್ದ. ಒಂದು ದಿನ ಹೋಗಿ ನೋಡಿದರೆ ಆ ಕಂಪನಿಯ ಬೋರ್ಡು ಕೂಡ ಉಳಿದಿರಲಿಲ್ಲ. ಅವತ್ತಿನಿಂದ ಚಿತ್ತಯ್ಯ ಕೈಗೆ ಸಿಕ್ಕದ, ಕಣ್ಣಿಗೆ ಕಾಣದ ಯಾವುದಕ್ಕೂ ಒಂದು ರೂಪಾಯಿ ಹಾಕಬಾರದೆಂದು ಹಟ್ಟಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದ. ಕುರಿ ಮಾರಿದ ದುಡ್ಡು ಬ್ಯಾಂಕಿನಲ್ಲಿದೆ ಎಂದು ಅವಳು ಹೇಳಿದ್ದಳು. ಅದು ಪೂರ್ತಿ ಸುಳ್ಳಲ್ಲವೆಂದು ತನಗೆ ತಾನೇ ಹೇಳಿಕೊಂಡಿದ್ದಳು.

ಸಂಜೆ ಕುರಿ ಕೂಡುವ ಹೊತ್ತಿಗೆ ಅವಳು ಗಂಡನಿಗೆ ಫೋನು ಮಾಡುವುದು ವಾಡಿಕೆ. ಈ ಸಲವೂ ಅವನು ಹೊಳಲ್ಕೆರೆ ದಾಟಿ ದುರುಗಕ್ಕನೆಂಬುವಳ ತಾಳೆ ತೋಟದಲ್ಲಿ ಮಂದೆ ನಿಲ್ಲಿಸಿದ್ದ. ಅವತ್ತು ಅವಳು ಊಟವಾಯಿತೇ ಎಂದೂ ಕೇಳಲಿಲ್ಲ. ಮರಗಳು ಹೇಗಿವೆ ಎಂದಳು. ಗರಿ ಹಳದಿಯಾಗಿದೆಯೇ, ಗೊನೆ ಬಿಟ್ಟಿವೆಯೇ, ಯಾರಾದರೂ ಮರ ಕಡಿಯುತ್ತಿದ್ದಾರೆಯೇ ಎಂದು ಒಂದರ ಹಿಂದೊಂದು ಕೇಳಿದಳು.

ಆ ಕಡೆ ಅವನು ಒಂದು ಕುರಿಯನ್ನು ಗದರಿಸಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ದಿನಾ ನನ್ನ ಮಂಡಿನೋವು ಕೇಳ್ತಿದ್ದೆ," ಎಂದ ಚಿತ್ತಯ್ಯ. "ಇವತ್ತು ಮರದ ಯೋಗಕ್ಷೇಮ ಕೇಳ್ತಾ ಇದ್ದೀಯ. ಏನು ಸಮಾಚಾರ?"

ಮೆಸ್ಸಿನ ಎಣ್ಣೆ ರೇಟು ಏರಬಹುದೆಂದು ಜನ ಮಾತಾಡುತ್ತಿದ್ದಾರೆ ಎಂದು ಅವಳು ಏನೋ ಹೇಳಿ ಜಾರಿಕೊಂಡಳು. ಮರಗಳು ಚೆನ್ನಾಗಿವೆ, ಗೊನೆಗಳು ಒಂದೊಂದೂ ನೀರಿನ ಕೊಡದಷ್ಟಿವೆ ಎಂದು ಅವನು ಹೇಳಿದಾಗ ಅವಳ ಎದೆ ಹಗುರಾಯಿತು. ಆದರೆ ಅವನು ಮಾತು ಮುಗಿಸಿರಲಿಲ್ಲ. ಕೊಯ್ದ ಹಣ್ಣು ಮೂರು ದಿನದಿಂದ ರಸ್ತೆ ಬದಿಯಲ್ಲೇ ರಾಶಿ ಬಿದ್ದಿದೆ, ಕಂಪನಿಯ ಲಾರಿ ಬಂದಿಲ್ಲ, ದುರುಗಕ್ಕ ದಿನಕ್ಕೆ ನಾಲ್ಕು ಸಲ ರಸ್ತೆಗೆ ಹೋಗಿ ನೋಡಿ ಬರುತ್ತಾಳೆ ಎಂದ.

ಮರುದಿನ ಶನಿವಾರ. ಮಾರ್ಕೆಟ್ಟಿಗೆ ರಜೆಯಿದ್ದರೂ ದೊಡ್ಡತಿಮ್ಮಪ್ಪ ಮತ್ತು ಮಾರುತೇಶ್ ಎಂದಿನಂತೆ ಬಂದು ಕೂತಿದ್ದರು. ಗಿರಣಿಗೆ ಬೀಗ ಬಿದ್ದ ಸುದ್ದಿ ಈಗ ಇನ್ನೂ ಎರಡು ಗ್ರೂಪುಗಳಲ್ಲಿ ಬಂದಿತ್ತು. ಬೊಂಬಾಯಿಯವರು ಬರುತ್ತಾರೆಂಬ ದೊಡ್ಡತಿಮ್ಮಪ್ಪನವರ ಮಾತಿನಲ್ಲಿ ನಿನ್ನೆಯ ಬಿಗಿ ಇರಲಿಲ್ಲ. ಸೋಮವಾರ ಅರ್ಧ ಮಾರಿಬಿಡುವುದೋ, ಪೂರ್ತಿ ಮಾರುವುದೋ ಎಂದು ಅವರು ಲೆಕ್ಕ ಹಾಕುತ್ತಿದ್ದರು. ಪೂರ್ತಿ ಮಾರಿ ಎಂದು ಮಾರುತೇಶ್ ಒತ್ತಾಯಿಸುತ್ತಿದ್ದ. ಕಾಟಮ್ಮ ಮಜ್ಜಿಗೆಯ ಪಾತ್ರೆಯನ್ನು ಮೇಜಿನ ಮೇಲಿಟ್ಟಳು.

"ನಮ್ಮನೇರು ಆ ತೋಟದಾಗೇ ಅವ್ರೆ," ಎಂದಳು. "ಮರಕ್ಕೆ ಏನೂ ಆಗಿಲ್ಲ. ಗೊನೆ ಚೆನ್ನಾಗವೆ. ಲಾರಿ ಮಾತ್ರ ಮೂರು ದಿನದಿಂದ ಬಂದಿಲ್ಲ."

ಮೂವರೂ ಅವಳ ಕಡೆ ತಿರುಗಿದರು. ಎರಡು ವರ್ಷದಲ್ಲಿ ಈ ಕೋಣೆಯಲ್ಲಿ ಎಲ್ಲರೆದುರು ಉಪ್ಪು ಸಾಕೇ, ಇನ್ನೊಂದು ಮುದ್ದೆ ಹಾಕಲೇ ಎಂಬುದನ್ನು ಬಿಟ್ಟು ಅವಳು ಬೇರೆ ಮಾತಾಡಿದ್ದು ಅದೇ ಮೊದಲು. ಮಾರುತೇಶ್ ನಕ್ಕು, ಇದೆಲ್ಲ ನಿಮಗೆ ಯಾಕಕ್ಕ ಎಂದ. ತನ್ನ ಹತ್ತಿರ ನಾನೂರು ಇವೆ ಎಂದಳು. ಅವನು ಕಿರಣ್‌ಕುಮಾರನ ಮುಖ ನೋಡಿದ. ಕಿರಣ್‌ಕುಮಾರ್ ಹೌದೆಂದು ತಲೆಯಾಡಿಸಿದ. ಮಾರುತೇಶನ ಹತ್ತಿರ, ಮಾರುವ ಮುಂಚೆಯೂ, ಇನ್ನೂರಷ್ಟೇ ಇದ್ದವು.

ದೊಡ್ಡತಿಮ್ಮಪ್ಪ ಕಿವಿಯ ಮೇಲಿನ ಪೆನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಎದ್ದು ಒಂದು ಕುರ್ಚಿಯನ್ನು ಅವಳ ಕಡೆ ಸರಿಸಿದರು.

"ಕುಂತ್ಕಳಮ್ಮ," ಎಂದರು. "ಇಷ್ಟು ದಿನ ಮೊಬೈಲ್ ನೋಡ್ಕಂಡು ಬಡಿದಾಡಿದ್ದು ಸಾಕು. ನಾಳೆ ಭಾನುವಾರ. ಹೋಗಿ ಕಣ್ಣಾರೆ ನೋಡ್ಕಂಡು ಬರಾಣ."

ಭಾನುವಾರ ಬೆಳಿಗ್ಗೆ ಆರಕ್ಕೆ ಕಾಟಮ್ಮ ಬಸ್ ನಿಲ್ದಾಣಕ್ಕೆ ಬಂದಾಗ ದೊಡ್ಡತಿಮ್ಮಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಆಗಲೇ ನಿಂತಿದ್ದರು. ಮೀನಾಕ್ಷಿ ಪರೀಕ್ಷೆಗೆ ಓದಬೇಕೆಂದು ಬರಲಿಲ್ಲ. ಅಪ್ಪನಿಗೆ ಇವತ್ತಾದರೂ ಹೇಳಿಬಿಡು ಎಂದು ಬಾಗಿಲಲ್ಲೇ ನಿಂತು ಎರಡು ಸಲ ಹೇಳಿ ಕಳಿಸಿದ್ದಳು. ಚಿತ್ರದುರ್ಗದ ಬಸ್ಸು ಹೊರಡುವ ಹೊತ್ತಿಗೆ ಮಾರುತೇಶ್ ಓಡಿ ಬಂದು ಹತ್ತಿದ. ನಾನು ಮಾರಿಯಾಗಿದೆ, ಸುಮ್ಮನೆ ಗಾಳಿಗೆ ಬಂದೆ ಎಂದು ಯಾರೂ ಕೇಳದೆಯೇ ಹೇಳಿದ. ಅವನ ಕೈಯಲ್ಲಿ ಎಂಟು ತೆಂಗಿನಕಾಯಿಯ ಚೀಲವಿತ್ತು. ಬರಿಗೈಯಲ್ಲಿ ಒಬ್ಬರ ತೋಟಕ್ಕೆ ಹೋಗುವುದು ಅವನಿಗೆ ಸರಿ ಕಂಡಿರಲಿಲ್ಲ.

ಕಂಡಕ್ಟರ್ ಹುಡುಗಿ ಕಾಟಮ್ಮನಿಗೆ ಹೆಂಗಸರ ಸೊನ್ನೆ ಟಿಕೆಟ್ ಹರಿದು ಕೊಟ್ಟು ಗಂಡಸರಿಬ್ಬರ ಹತ್ತಿರ ದುಡ್ಡು ಕೇಳಿದಳು. ದೊಡ್ಡತಿಮ್ಮಪ್ಪ ತಮ್ಮ ಹಳೆಯ ಕೆಲಸದ ವಿಷಯ ಹೇಳಿಕೊಳ್ಳಲು ನಾಚಿ ಸರಿಯಾದ ಚಿಲ್ಲರೆ ಎಣಿಸಿ ಕೊಟ್ಟರು. ಹಾಗೆ ಚಿಲ್ಲರೆ ಕೊಡುವವರನ್ನು ಕಂಡರೆ ಕೆಲಸ ಮಾಡಲು ಖುಷಿಯಾಗುತ್ತದೆ ಎಂದು ಆ ಹುಡುಗಿ ಹೇಳಿದ್ದಕ್ಕೆ ಅವರು ಐಮಂಗಲ ದಾಟುವವರೆಗೂ ನಗುತ್ತಲೇ ಇದ್ದರು. ಚಿತ್ರದುರ್ಗದಲ್ಲಿ ಇಳಿದು, ಒಂದೊಂದು ಪ್ಲೇಟ್ ಮಂಡಕ್ಕಿ ಒಗ್ಗರಣೆ ತಿಂದು ಹೊಳಲ್ಕೆರೆಯ ಬಸ್ಸು ಹಿಡಿದರು. ಕಾಟಮ್ಮನಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಹಿರಿಯೂರಿಗೆ ಬಂದ ಮೇಲೆ ಅವಳು ಒಂದು ಭಾನುವಾರವೂ ಮೆಸ್ಸಿಗೆ ರಜೆ ಕೊಟ್ಟಿರಲಿಲ್ಲ. ಗಂಡನಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಕೂಡಿಸಿದಳು. ಕೂಡಿಸಿದಷ್ಟೂ ಅದು ಬಿಡಿಬಿಡಿಯಾಗುತ್ತಿತ್ತು. ಆದರೂ ಗಾಳಿಗೆ ಮುಖ ಕೊಟ್ಟು ಕೂತಿರುವುದು ಅವಳಿಗೆ ಹಿತವಾಗಿತ್ತು.

ಹೊಳಲ್ಕೆರೆಯಿಂದ ಆಟೋದಲ್ಲಿ ಹೋಗಿ ಇಳಿದಾಗ ಮೊದಲು ಕಂಡದ್ದು ರಸ್ತೆ ಬದಿಯ ರಾಶಿ. ಕಪ್ಪು ಮತ್ತು ಕೆಂಪು ಕಿತ್ತಳೆ ಬಣ್ಣದ ಹಣ್ಣುಗಳು ಒತ್ತೊತ್ತಾಗಿ ಕೂತ ಮುಳ್ಳುಮುಳ್ಳು ಗೊನೆಗಳು ಆಳೆತ್ತರಕ್ಕೆ ಬಿದ್ದಿದ್ದವು. ಉದುರಿದ ಹಣ್ಣನ್ನು ಅಳಿಲುಗಳು ಕಚ್ಚಿಕೊಂಡು ಓಡುತ್ತಿದ್ದವು. ರಾಶಿಯ ಆಚೆ ತೋಟ. ಬಿಸಿಲಿನಿಂದ ಒಳಗೆ ಕಾಲಿಟ್ಟೊಡನೆ ನೆರಳು ತಣ್ಣಗೆ ಬೆನ್ನು ಮುಟ್ಟಿತು. ಗರಿಗಳು ಮೇಲೆ ಒಂದಕ್ಕೊಂದು ಹೆಣೆದುಕೊಂಡು ಆಕಾಶವೇ ಕಾಣುತ್ತಿರಲಿಲ್ಲ. ಮರಗಳ ಸಾಲಿನ ನಡುವೆ ಇನ್ನೂರು ಕುರಿಗಳು ಮಲಗಿ ಮೆಲುಕು ಹಾಕುತ್ತಿದ್ದವು.

ಚಿತ್ತಯ್ಯ ಕಂಬಳಿಯ ಮೇಲೆ ಕೂತು ಒಂದು ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. ಹೆಂಡತಿಯನ್ನು ಕಂಡು, ಅವಳ ಹಿಂದೆ ಇಸ್ತ್ರಿ ಅಂಗಿಯ ಇಬ್ಬರು ಗಂಡಸರನ್ನು ಕಂಡು ಗಾಬರಿಯಾಗಿ ಎದ್ದ. ಮೀನಾಕ್ಷಿ ಹುಷಾರಾಗಿದ್ದಾಳಾ ಎಂದು ಮೊದಲು ಕೇಳಿದ. ಹುಷಾರಾಗಿದ್ದಾಳೆ ಎಂದು ಕಾಟಮ್ಮ ಹೇಳಿ ಮುಂದಿನ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಮಾರುತೇಶ್ ತೆಂಗಿನಕಾಯಿಯ ಚೀಲ ಕೆಳಗಿಟ್ಟು, "ಏನಿಲ್ಲ ಯಜಮಾನ್ರೇ, ನಿಮ್ಮನೇರ ಕಂಪನಿ ನೋಡ್ಕಂಡು ಹೋಗಾಣ ಅಂತ ಬಂದ್ವಿ," ಎಂದುಬಿಟ್ಟ.

ಚಿತ್ತಯ್ಯನಿಗೆ ಅರ್ಥವಾಗಲಿಲ್ಲ. ದೊಡ್ಡತಿಮ್ಮಪ್ಪ ಮಾರುತೇಶನ ತೋಳು ಹಿಡಿದು, ದುರುಗಕ್ಕನನ್ನು ಮಾತಾಡಿಸಿಕೊಂಡು ಬರೋಣ ಎಂದು ಮನೆಯ ಕಡೆಗೆ ಎಳೆದುಕೊಂಡು ಹೋದರು.

ಕಾಟಮ್ಮ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಬಸ್ಸಿನಲ್ಲಿ ಕೂಡಿಸಿಟ್ಟ ಒಂದು ಮಾತೂ ನೆನಪಿಗೆ ಬರಲಿಲ್ಲ. ಹಿಂದುಮುಂದಾಗಿ, ಮೊದಲು ನೂರ ಎಪ್ಪತ್ತೊಂದು ಎಂದೂ, ಆಮೇಲೆ ಸಂತೆ, ದೀಪಾವಳಿ, ಬ್ಯಾಂಕು ಎಂದೂ ಹೇಳಿದಳು. ಚಿತ್ತಯ್ಯ ಮಧ್ಯೆ ಬಾಯಿ ಹಾಕಲಿಲ್ಲ. ಅವಳು ಹೇಳಿ ಮುಗಿಸಿದ ಮೇಲೆ ಮರಿಯನ್ನು ನೆಲಕ್ಕೆ ಬಿಟ್ಟು, ಮಂದೆಯ ನಡುವೆ ಹಾದು ಆ ತುದಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಆ ಹದಿನೈದು ಕುರಿಗಳಲ್ಲಿ ಒಂದೊಂದನ್ನೂ ಅವನು ಹೆಸರಿಟ್ಟು ಕರೆಯುತ್ತಿದ್ದ. ಅವು ಸಂತೆಗೆ ಹೊರಟ ದಿನ ಅವನು ಮಂದೆಯ ಜೊತೆಗಿರದೆ ಬೇರೆ ಕೆಲಸ ಹುಡುಕಿಕೊಂಡು ಹೋಗಿದ್ದನೆಂಬುದು ಅವಳಿಗೆ ನೆನಪಾಯಿತು. ಸ್ವಲ್ಪ ಹೊತ್ತು ಕಾದು ಅವಳೂ ಅಲ್ಲಿಗೆ ಹೋದಳು.

"ನಂಗೆ ಯಾಕೆ ಹೇಳ್ಲಿಲ್ಲ?" ಎಂದ ಅವನು, ತಿರುಗದೆ.

"ಬ್ಯಾಡ ಅಂತಿದ್ರಿ."

"ಅಂತಿದ್ದೆ." ಅವನು ಒಪ್ಪಿಕೊಂಡ. ಬಳಿಯಿದ್ದ ಮರದ ಬೊಡ್ಡೆಯ ಮೇಲೆ ಅಂಗೈ ಇಟ್ಟು ಮೇಲೆ ನೋಡಿದ. "ಅಲ್ಲ ಕಾಟಮ್ಮ, ಆ ಹದಿನೈದೂ ಈಗ ಎಲ್ಲವೆ?"

ಅವಳು ಸುತ್ತ ನೋಡಿದಳು.

"ಇಲ್ಲೇ ಎಲ್ಲೋ ಅವೆ," ಎಂದಳು. "ಈ ಮರದಾಗೆ, ಆ ರಸ್ತೆ ಮೇಲಿರೋ ರಾಶಿಯಾಗೆ, ಗಿರಣಿಯಾಗೆ. ಎಲ್ಲದರಾಗೂ ಒಂದು ಚೂರು."

ಚಿತ್ತಯ್ಯ ಅವಳ ಕಡೆ ತಿರುಗಿದ. ಆಮೇಲೆ ಕುರಿ ಕೊಳ್ಳಲು ಬಂದವನು ಕೇಳುವಂತೆ ಒಂದೊಂದೇ ಕೇಳತೊಡಗಿದ.

"ಮರಿ ಹಾಕ್ತಾವಾ?"

"ವರ್ಷಕ್ಕೊಂದು ಸಲ ಲಾಭದಾಗೆ ಪಾಲು ಕೊಡ್ತಾರೆ. ಸ್ವಲ್ಪ."

"ಬೇಕಾದಾಗ ಮಾರಬೌದಾ?"

"ಯಾವತ್ತು ಬೇಕಾದ್ರೂ. ರೇಟು ಮಾತ್ರ ಅವತ್ತಿಂದು."

"ಸಂತೇನೂ ಅಂಗೇ ಅಲ್ವಾ," ಎಂದ ಅವನು. "ರೋಗ?"

"ಅದನ್ನ ನೋಡಾಕೇ ಬಂದಿರೋದು."

ಅವನು ಪಕ್ಕಕ್ಕೆ ಒರಗಿಸಿದ್ದ ಕೋಲು ಕೈಗೆ ತೆಗೆದುಕೊಂಡ. "ಬಾ ಮತ್ತೆ," ಎಂದ. "ಸರಿಯಾಗಿ ನೋಡಾಣ."

ಮುಂದಿನ ಒಂದು ಗಂಟೆ ಅವನು ಅವಳನ್ನು ಸಾಲುಸಾಲಾಗಿ ಸುತ್ತಿಸಿದ. ಕುರಿಯ ಹಲ್ಲು, ಗೊರಸು, ಕಣ್ಣಿನ ರೆಪ್ಪೆ ನೋಡುವವನ ತಾಳ್ಮೆಯಿಂದ ಮರದ ಬುಡ ನೋಡಿದ, ಕೋಲಿನಿಂದ ಗರಿಯ ಅಡಿಭಾಗ ಎತ್ತಿ ನೋಡಿದ, ಬೊಡ್ಡೆಗೆ ಬಡಿದು ಸದ್ದು ಕೇಳಿದ. ಒಂದು ಮರದ ಸುಳಿ ಬಾಡಿದ್ದನ್ನು ಕಂಡು ಅದರ ಪಕ್ಕದ ಎಂಟು ಮರಗಳನ್ನೂ ಪರೀಕ್ಷೆ ಮಾಡಿದ. ಅವೆಲ್ಲ ಚೆನ್ನಾಗಿದ್ದವು. ಇಪ್ಪತ್ತು ದಿನದಿಂದ ಇದೇ ಮರಗಳ ಕೆಳಗೆ ಮಲಗಿದ್ದವನು ಅವನ್ನು ಈಗ ಮೊದಲ ಸಲ ನೋಡುತ್ತಿರುವಂತೆ ಕಾಣುತ್ತಿದ್ದ. ಅವಳು ಹಿಂದೆ ಹಿಂದೆ ನಡೆದಳು. ಮದುವೆಯಾದ ಹೊಸದರಲ್ಲಿ ಮಂದೆಯ ಜೊತೆ ಹೀಗೇ ಅವನ ಹಿಂದೆ ನಡೆದದ್ದಿತ್ತು. ಆಮೇಲೆ ಮನೆ, ಮಗಳು, ಪಟ್ಟಣ ಎಂದು ಅವಳು ಒಂದು ಕಡೆ ನಿಂತಿದ್ದಳು, ಅವನು ನಡೆಯುತ್ತಲೇ ಇದ್ದ.

ತಿರುಗಿ ಬಂದಾಗ ದುರುಗಕ್ಕ ಕಟ್ಟೆಯ ಮೇಲೆ ಕೂತು ದೊಡ್ಡತಿಮ್ಮಪ್ಪನವರಿಗೆ ಲಾರಿಯ ವಿಷಯ ಹೇಳುತ್ತಿದ್ದಳು. ಅವಳು ಅರವತ್ತರ ಗಟ್ಟಿ ಹೆಂಗಸು. ಆರು ಎಕರೆ ತೋಟವನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಗಿರಣಿಗೆ ಬೀಗ ಬಿದ್ದಿದ್ದು ನಿಜ ಎಂದಳು. ದೊಡ್ಡತಿಮ್ಮಪ್ಪನವರ ಮುಖ ಸಣ್ಣದಾಯಿತು. ಬಾಯ್ಲರು ಕೆಟ್ಟು ನಾಲ್ಕು ದಿನ ರಿಪೇರಿ, ಶನಿವಾರ ಸಂಜೆ ಶುರುವಾಗಿದೆ ಎಂದು ಕಂಪನಿಯವರು ಫೋನು ಮಾಡಿದ್ದಾರೆ, ಇವತ್ತು ಲಾರಿ ಕಳಿಸುತ್ತೇವೆ ಎಂದಿದ್ದಾರೆ ಎಂದು ಅವಳು ಮಾತು ಮುಂದುವರಿಸಿದಳು. ಮರ ಕಡಿಯುವ ವಿಡಿಯೋವನ್ನು ಮಾರುತೇಶ್ ತೋರಿಸಿದ. ದುರುಗಕ್ಕ ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಅದು ಮೂವತ್ತು ವರ್ಷದ ಮರ, ಬಿದ್ದಾಗ ಎತ್ತರ ನೋಡು, ಅಷ್ಟು ಹಳೆಯದಾದರೆ ಕೊಯ್ಯಲು ಕೋಲು ಎಟುಕುವುದಿಲ್ಲ, ಯಾರಾದರೂ ಕಡಿದು ಹೊಸ ಸಸಿ ಹಾಕಲೇಬೇಕು ಎಂದಳು. ಮಾರುತೇಶ್ ವಿಡಿಯೋವನ್ನು ಇನ್ನೊಮ್ಮೆ ಹಾಕಿ ನೋಡಿದ. ಎಂಟು ಸಲ ನೋಡಿದರೂ ಅವನು ಎತ್ತರವನ್ನು ಗಮನಿಸಿರಲಿಲ್ಲ.

ಲಾರಿ ಬಂದದ್ದು ಹನ್ನೆರಡೂವರೆಗೆ. ಡ್ರೈವರ್ ಒಬ್ಬನೇ ಇದ್ದ. ಹೊರುವ ಆಳುಗಳು ಇಬ್ಬರೂ ಊರಿನ ಮದುವೆಗೆ ಹೋಗಿದ್ದರು. ತಾನು ಇನ್ನೂ ಐದು ತೋಟಕ್ಕೆ ಹೋಗಬೇಕು, ಅರ್ಧ ಗಂಟೆ ನೋಡಿ ಹೊರಟುಬಿಡುತ್ತೇನೆ ಎಂದು ಅವನು ಹೇಳಿದ. ಇವತ್ತು ಹೋಗದಿದ್ದರೆ ಹಣ್ಣು ಕೊಳೆಯುತ್ತದೆ ಎಂದು ದುರುಗಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಒಂದು ಗೊನೆ ಎತ್ತಿದಳು. ಚಿತ್ತಯ್ಯ ಓಡಿ ಹೋಗಿ ಅವಳ ಕೈಯಿಂದ ಅದನ್ನು ಇಸಿದುಕೊಂಡು ಹೆಗಲಿಗೇರಿಸಿದ. ಕಾಟಮ್ಮ ಇನ್ನೊಂದಕ್ಕೆ ಕೈ ಹಾಕಿದಳು. ದೊಡ್ಡತಿಮ್ಮಪ್ಪ ಬಿಳಿ ಅಂಗಿ ಬಿಚ್ಚಿ ಬೇಲಿಗೆ ಹಾಕಿದರು.

ಮುಳ್ಳು ಎಲ್ಲರ ಕೈಗೂ ಚುಚ್ಚಿತು. ಹೇಗೆ ಹಿಡಿಯಬೇಕೆಂದು ದುರುಗಕ್ಕ ತೋರಿಸಿಕೊಟ್ಟ ಮೇಲೆ ಕೆಲಸ ಸಲೀಸಾಯಿತು. ಸಾಲಾಗಿ ನಿಂತು ಒಬ್ಬರ ಕೈಯಿಂದ ಒಬ್ಬರು ದಾಟಿಸಿದರು. ಲಾರಿಯ ಮೇಲೆ ನಿಂತ ಮಾರುತೇಶ್ ಕೊಬ್ಬರಿ ಮೂಟೆ ಜೋಡಿಸಿ ಬೆಳೆದವನು. ಮೂಲೆ ಖಾಲಿ ಬಿಡದೆ ಗೊನೆಗಳನ್ನು ಒಂದರ ಮೇಲೊಂದು ಕೂರಿಸುತ್ತ ಡ್ರೈವರನಿಗೇ ಪಾಠ ಹೇಳುತ್ತಿದ್ದ. ಅವನ ಮುಖ, ಕುತ್ತಿಗೆಯೆಲ್ಲ ಕಿತ್ತಳೆ ಬಣ್ಣದ ಎಣ್ಣೆಯಿಂದ ಹೊಳೆಯುತ್ತಿತ್ತು. ಮಾರಿಬಿಟ್ಟವನು ಇಷ್ಟು ಯಾಕೆ ಬೆವರು ಸುರಿಸುತ್ತೀಯೋ ಎಂದು ದೊಡ್ಡತಿಮ್ಮಪ್ಪ ಕೆಳಗಿನಿಂದ ಕೇಳಿದರು. ಸೋಮವಾರ ಬೆಳಿಗ್ಗೆ ಮತ್ತೆ ಕೊಳ್ಳುತ್ತೇನೆ, ಈಗ ಸುಮ್ಮನೆ ಗೊನೆ ಕೊಡಿ ಎಂದು ಅವನು ಕೂಗಿದ. ಕಾಟಮ್ಮ ನಗಲು ಶುರು ಮಾಡಿದಳು. ನಗುವಿನಲ್ಲಿ ಕೈಯ ಬಲ ಹೋಗಿ ಗೊನೆ ಜಾರಿತು. ಚಿತ್ತಯ್ಯ ಅದನ್ನು ಹಿಡಿಯಲು ಹೋಗಿ ರಾಶಿಯ ಮೇಲೆಯೇ ಕೂತುಬಿಟ್ಟ. ಮುಳ್ಳಿಗೆ ಎಗರಿ ಎದ್ದವನನ್ನು ಕಂಡು ದುರುಗಕ್ಕ ಬೇಲಿ ಹಿಡಿದುಕೊಂಡು ನಕ್ಕಳು. ಅವನೂ ನಕ್ಕ. ಅವನು ಹಾಗೆ ಬಾಯಿ ತುಂಬ ನಕ್ಕದ್ದನ್ನು ಕಾಟಮ್ಮ ಎಷ್ಟು ವರ್ಷದ ಹಿಂದೆ ನೋಡಿದ್ದಳೋ ನೆನಪಿಗೆ ಬರಲಿಲ್ಲ.

ಲಾರಿ ಹೊರಡುವಾಗ ದಾರಿ ಇಕ್ಕಟ್ಟಾಗಿತ್ತು. ದೊಡ್ಡತಿಮ್ಮಪ್ಪ ಹಿಂದೆ ನಿಂತು, ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿ, ಪಕ್ಕಕ್ಕೆ ಬಡಿದು, "ರೈಟ್, ರೈಟ್," ಎಂದು ಅದನ್ನು ರಸ್ತೆಗೆ ಹತ್ತಿಸಿದರು.

ಊಟಕ್ಕೆ ಕೂತಾಗ ಮೂರು ಗಂಟೆ ದಾಟಿತ್ತು. ಕಾಟಮ್ಮ ತಂದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಜೊತೆಗೆ ದುರುಗಕ್ಕನ ಮನೆಯ ಮಜ್ಜಿಗೆ ಬಂತು. ಚಿತ್ತಯ್ಯ ನಾಲ್ಕು ರೊಟ್ಟಿ ತಿಂದ. ತಿನ್ನುತ್ತಲೇ, ಇನ್ನು ಮೇಲೆ ಇಲ್ಲಿನ ಸಮಾಚಾರ ತಾನು ಹೇಳುತ್ತೇನೆ, ಯಾರದೋ ಮೊಬೈಲು ನೋಡಿ ಗಾಬರಿಯಾಗಬೇಡಿ ಎಂದು ದೊಡ್ಡತಿಮ್ಮಪ್ಪನವರಿಗೆ ಹೇಳಿದ. ಹೆಂಡತಿಯ ಕಡೆ ನೋಡದೆ, ಮಾರುವುದು ಇಟ್ಟುಕೊಳ್ಳುವುದು ಅವಳಿಗೆ ಬಿಟ್ಟದ್ದು, ಕುರಿ ಅವಳವು ಎಂದೂ ಹೇಳಿದ.

ತೋಟ ನೋಡಿ ಬಂದ ಮಾತ್ರಕ್ಕೆ ಬನಸಿರಿ ಏರಲಿಲ್ಲ. ಸೋಮವಾರ ನೂರ ಅರವತ್ತಮೂರಕ್ಕೆ ಇಳಿಯಿತು, ಮಂಗಳವಾರ ನೂರ ಐವತ್ತೆಂಟಕ್ಕೆ. ಕಾಟಮ್ಮ ಪರದೆಯನ್ನು ನೋಡುತ್ತಲೇ ಸಾರು ಬಡಿಸಿದಳು, ಒಂದು ಹನಿಯೂ ಆಚೀಚೆ ಬೀಳಲಿಲ್ಲ. ಮಾರುತೇಶ್ ಹೇಳಿದಂತೆ ಮತ್ತೆ ಕೊಂಡ, ಈ ಸಲ ಮುನ್ನೂರು. ಮೇ ತಿಂಗಳ ಮಧ್ಯದಲ್ಲಿ ಕಂಪನಿ ತನ್ನ ಲೆಕ್ಕ ಪ್ರಕಟಿಸಿತು. ಲಾಭ ಹೋದ ವರ್ಷಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು. ಬಾಯ್ಲರಿನ ರಿಪೇರಿಯ ವಿಷಯ ಒಂದು ಸಾಲಿನಲ್ಲಿ ಮುಗಿದಿತ್ತು. ಬೊಂಬಾಯಿಯವರು ಕೊಳ್ಳುವ ಮಾತನ್ನೂ ಕಂಪನಿ ಅಲ್ಲಗಳೆಯಿತು. ಮರದ ರೋಗದ ಸುದ್ದಿಯೂ ಬೊಂಬಾಯಿಯ ಸುದ್ದಿಯೂ ಸುಳ್ಳಾದವೆಂದು ಕಿರಣ್‌ಕುಮಾರ್ ಎಲ್ಲರಿಗೂ ಬಾದುಷಾ ತರಿಸಿದ. ಜೂನ್ ಬರುವಷ್ಟರಲ್ಲಿ ರೇಟು ಇನ್ನೂರ ನಲವತ್ತು ಮುಟ್ಟಿತು. ಕಾಟಮ್ಮ ನೂರು ಷೇರು ಮಾರಿ, ಮಂದೆಗೆ ಎರಡು ಹೆಣ್ಣು ಕುರಿ ಕೊಂಡು ಕಳಿಸಿದಳು. ಮುನ್ನೂರನ್ನು ಇಟ್ಟುಕೊಂಡಳು.

ಮೊದಲ ಮಳೆ ಬಿದ್ದ ವಾರ ಮಂದೆಗಳು ಊರಿಗೆ ಮರಳುವ ಕಾಲ. ಒಂದು ಮಧ್ಯಾಹ್ನ ಚಿತ್ತಯ್ಯ ಕುರಿಗಳನ್ನು ಜೊತೆಯವನಿಗೆ ಒಪ್ಪಿಸಿ ತಾನು ಮುಂದಾಗಿ ಬಂದು, ವಿಳಾಸ ಕೇಳಿಕೊಂಡು ಕೊಬ್ಬರಿ ಮಂಡಿಯ ಮೆಟ್ಟಿಲು ಹತ್ತಿದ. ದೊಡ್ಡತಿಮ್ಮಪ್ಪ ಬರ್ರಿ ಬರ್ರಿ ಎಂದು ಎದ್ದು ಜಾಗ ಕೊಟ್ಟರು. ಕಿರಣ್‌ಕುಮಾರ್ ಪರದೆಯ ಮೇಲೆ ಬನಸಿರಿಯ ಹೆಸರನ್ನು ತೋರಿಸಿದ. ಚಿತ್ತಯ್ಯ ಅದನ್ನು ಗೌರವದಿಂದ ಸ್ವಲ್ಪ ಹೊತ್ತು ನೋಡಿದ. ಅಷ್ಟರಲ್ಲಿ ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರನ್ ಹೊಡೆಯುತ್ತ ನಿಂತಿತು, ಅದರ ಹಿಂದೆ ಇನ್ನೊಂದು. ಅವನು ಕಾಟಮ್ಮ ಕೊಟ್ಟ ಮಜ್ಜಿಗೆಯ ಲೋಟ ಹಿಡಿದುಕೊಂಡೇ ಕಿಟಕಿಗೆ ಬಂದ. ಅವಳೂ ಪಕ್ಕದಲ್ಲಿ ಬಂದು ನಿಂತಳು. ಅವನದೇ ಮಂದೆ ರಸ್ತೆಯ ಅಂಚಿನಿಂದ ಅಂಚಿಗೆ ತುಂಬಿಕೊಂಡು, ಮಳೆಗೆ ನೆನೆದ ಬೆನ್ನುಗಳನ್ನು ಒಂದಕ್ಕೊಂದು ಒತ್ತಿಕೊಂಡು ಊರಿನ ಕಡೆಗೆ ಹರಿಯುತ್ತಿತ್ತು. ಹುಟ್ಟಿದಾಗಿನಿಂದ ಕುರಿಗಳ ನಡುವೆಯೇ ನಡೆದವನು ಅವನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು. ಲೋಟದ ಮಜ್ಜಿಗೆ ಹಾಗೇ ಇತ್ತು. ಕೊನೆಯ ಕುರಿ ಮೂಲೆ ತಿರುಗಿ ಮರೆಯಾಗುವವರೆಗೂ ಇಬ್ಬರೂ ಅಲ್ಲೇ ನಿಂತು ನೋಡುತ್ತಿದ್ದರು.